ಮಗಳ ಎಡಗೈ

ನನ್ನ ಮಗಳ ಎಡಗೈ ಕೆಟ್ಟಿದೆಯೆಂದು ತಿಳಿದ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಎಲ್ಲರೂ ಸಮಾಧಾನದ ಉಸಿರು ಬಿಟ್ಟೆವು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ನಿಜಾಮರ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ ಹುಟ್ಟಿದ ಕೂಸು ಅದು. ನನ್ನ ಗಂಡ ಚಿತ್ತಾಪುರದ ಕಚೇರಿಯಲ್ಲಿ ಗುಮಾಸ್ತರು. ನಾವಿಬ್ಬರು, ನಮ್ಮ ಅತ್ತೆ ಮತ್ತು ಕೂಸು, ಮನೆಯಲ್ಲಿ ನಾಲ್ಕೇ ಜನ. ಒಂದೂವರೆ ವರ್ಷದ ಮಗುವಿಗೆ ಜ್ವರ ಬಂತು, ಜ್ವರದಲ್ಲಿ ಫಿಟ್ಸ್ ಬಂತು, ಮೂರು ದಿನ ಕಣ್ಣು ಮೇಲೆ ಮಾಡಿ ಮಲಗಿಬಿಟ್ಟಿತು. ನಾಲ್ಕನೆಯ ದಿನ ಎದ್ದು ನೀರು ಕೇಳಿದಾಗ ನಾವು ಸತ್ತು ಬದುಕಿದೆವು. ವಾರ ಕಳೆದ ಮೇಲೆ ಗೊತ್ತಾಯಿತು: ಎಡಗಾಲು ತುಸು ಎಳೆಯುತ್ತದೆ, ಎಡಗೈ ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿದೆ, ಹೆಬ್ಬೆರಳು ಮುಷ್ಟಿಯ ಒಳಗೆ ಸಿಕ್ಕಿಬಿದ್ದಿದೆ. ಅತ್ತೆ ಗಾಬರಿಯಿಂದ ಬಲಗೈಗೆ ಒಂದು ಬೆಲ್ಲದ ತುಂಡು ಕೊಟ್ಟು ನೋಡಿದರು. ಮಗು ಅದನ್ನು ಹಿಡಿದು ಬಾಯಿಗಿಟ್ಟುಕೊಂಡಿತು. ಅಷ್ಟಕ್ಕೇ ಅತ್ತೆ ಎರಡೂ ಕೈ ಎತ್ತಿ ಮುಗಿದರು.

"ಉಣ್ಣೋ ಕೈ ಉಳೀತಲ್ಲ ಯವ್ವಾ! ಎಡಗೈ ತಾನೆ, ಹೋದರ ಹೋಗಲಿ. ಶಿವ ದೊಡ್ಡಾವ."

ನಾನೂ ಹಾಗೆಯೇ ಅಂದುಕೊಂಡೆ. ನಮ್ಮ ಕಡೆ ಎಡಗೈಗೆ ಯಾವ ಮರ್ಯಾದೆ ಇದೆ? ಅದರಿಂದ ಕೊಟ್ಟರೆ ತಪ್ಪು, ತೆಗೆದುಕೊಂಡರೆ ತಪ್ಪು, ಉಂಡರಂತೂ ಮಹಾ ತಪ್ಪು. ಹೋದದ್ದು ಬೇಡದ ಕೈ ಎಂದು ಮನಸ್ಸನ್ನು ಒಪ್ಪಿಸಿಕೊಂಡು, ಅದು ಯಾರ ಕಣ್ಣಿಗೂ ಬೀಳದಂತೆ ಉದ್ದ ತೋಳಿನ ಪೋಲಕ ಹೊಲಿಸಿದೆ. ಆರು ವರ್ಷ ತುಂಬುವವರೆಗೂ ಪರಕರದ ಲಾಡಿ ನಾನೇ ಕಟ್ಟಿದೆ, ಜಡೆ ನಾನೇ ಹೆಣೆದೆ, ರೊಟ್ಟಿ ಮುರಿದು ಪಲ್ಲೆ ಹಚ್ಚಿ ಬಾಯಿಗೆ ನಾನೇ ಇಟ್ಟೆ. ಉಣ್ಣುವ ಕೈ ಉಳಿಯಿತೆಂದು ದೇವರಿಗೆ ಕೈ ಮುಗಿದವರು ಆ ಕೈಗೂ ಕೆಲಸ ಕೊಡಲಿಲ್ಲ. ನಮ್ಮ ಜಾಣತನ ಅಷ್ಟಿತ್ತು.

ಅವಳಿಗೆ ಆರು ತುಂಬಿದ ವರ್ಷ ನಮ್ಮ ಮಠದ ಅಯ್ಯನವರು ಮನೆಗೆ ಬಂದರು. ಅತ್ತೆ ಅವರ ಕಾಲಿಗೆ ನೀರು ಹಾಕಿ ಕೂರಿಸಿ, ಮೊಮ್ಮಗಳಿಗೆ ಎಂಟನೆಯ ವರ್ಷಕ್ಕೆ ದೀಕ್ಷೆ ಕೊಡಬೇಕೆಂದು ಕೇಳಿಕೊಂಡರು. ಅಯ್ಯನವರು ಸಂತೋಷದಿಂದ ಹುಡುಗಿಯನ್ನು ಹತ್ತಿರ ಕರೆದರು.

"ಬಾರವ್ವ ತಾಯಿ, ಅಂಗೈ ಚಾಚು ನೋಡೋಣು."

ಮಗಳು ಬಲಗೈ ಚಾಚಿದಳು.

"ಅದಲ್ಲವ್ವ, ಲಿಂಗಕ್ಕ ಎಡಗೈ ಪೀಠ. ಎಡಗೈ ಕೊಡು."

ಉದ್ದ ತೋಳಿನೊಳಗೆ ಅವಿತಿದ್ದ ಆ ಮುಷ್ಟಿ ಹೊರಗೆ ಬರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ನಮ್ಮ ಲಿಂಗವಂತರ ಮನೆಗಳಲ್ಲಿ ದಿನಾ ಬೆಳಿಗ್ಗೆ ನಡೆಯುವುದು ಇದೇ: ಕೊರಳಲ್ಲಿನ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರೆ ಏರಿಸುವುದು. ನನಗೆ ಬುದ್ಧಿ ಬಂದಾಗಿನಿಂದ ಒಂದು ದಿನ ತಪ್ಪಿಸಿಲ್ಲ. ಅತ್ತೆ ಐವತ್ತು ವರ್ಷದಿಂದ ತಪ್ಪಿಸಿಲ್ಲ. ದಿನಾ ನಮ್ಮ ನಮ್ಮ ಎಡ ಅಂಗೈಯನ್ನು ದಿಟ್ಟಿಸಿ ನೋಡುತ್ತ ಕೂತಿದ್ದೇವೆ, ಪಕ್ಕದಲ್ಲೇ ಆ ಕೂಸು ಆಡಿಕೊಂಡಿತ್ತು, ಆದರೂ ನಾಲ್ಕೂವರೆ ವರ್ಷ ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಡಗೈ ತಾನೆ ಎಂದು ಬಿಟ್ಟುಬಿಟ್ಟಿದ್ದೆವು.

ಅಯ್ಯನವರು ಒಳ್ಳೆಯ ಮನುಷ್ಯರು. "ಇರಲಿ ಬಿಡ್ರಿ. ಆಕಿ ಪರವಾಗಿ ತಾಯಿ ತನ್ನ ಕೈಯಾಗ ಹಿಡೀಲಿ, ಹುಡುಗಿ ಬಲಗೈಲಿ ಪತ್ರಿ ಏರಸ್ಲಿ. ಶಿವ ಒಲ್ಲೆ ಅನ್ನಂಗಿಲ್ಲ," ಎಂದರು. ಶಿವ ಒಪ್ಪಿದರೂ ನಾನು ಒಪ್ಪಲಿಲ್ಲ. ನಾನಿರುವವರೆಗೆ ನಾನು ಹಿಡಿದೇನು. ಆಮೇಲೆ? ಜೀವವಿರುವವರೆಗೂ ತನ್ನ ದೇವರನ್ನು ಹಿಡಿಯಲು ಇನ್ನೊಬ್ಬರ ಅಂಗೈಗೆ ಕಾಯುತ್ತ ಕೂರಬೇಕೆ ನನ್ನ ಮಗಳು? ಎಂಟು ತುಂಬಲು ಎರಡು ವರ್ಷವಿತ್ತು. ಅಷ್ಟರೊಳಗೆ ಆ ಮುಷ್ಟಿ ಬಿಚ್ಚಲೇಬೇಕೆಂದು ಹಠ ಹಿಡಿದೆ. ನನ್ನ ಹಠ ನಮ್ಮ ಮನೆಯಲ್ಲಿ ಹೆಸರುವಾಸಿ.

ಮೊದಲಿಗೆ ಹಠದಿಂದ ಮಾಡಿದ್ದೆಲ್ಲ ತಪ್ಪೇ. ಚಿಂಚೋಳಿ ಕಡೆಯ ಒಬ್ಬ ನಾಟಿ ವೈದ್ಯರು ಕೊಟ್ಟ ಎಣ್ಣೆಯನ್ನು ಬಿಸಿ ಮಾಡಿ ತಿಕ್ಕಿದೆ. ತಿಕ್ಕಿದ ಮೇಲೆ ಒಂದೊಂದೇ ಬೆರಳನ್ನು ಹಿಡಿದು ಜಗ್ಗಿ ಬಿಚ್ಚುತ್ತಿದ್ದೆ. ಮಗಳು ಓಣಿಗೆಲ್ಲ ಕೇಳುವಂತೆ ಚೀರುತ್ತಿದ್ದಳು. ಬಿಚ್ಚಿದ ಬೆರಳು ಬಿಟ್ಟ ಕ್ಷಣವೇ ಮೊದಲಿಗಿಂತ ಬಿಗಿಯಾಗಿ ಮಡಚಿಕೊಳ್ಳುತ್ತಿತ್ತು. ಎಣ್ಣೆಯ ಬಟ್ಟಲು ಕಂಡರೆ ಸಾಕು, ಓಡಿಹೋಗಿ ಅತ್ತೆಯ ಸೆರಗಿನೊಳಗೆ ಸೇರುತ್ತಿದ್ದಳು.

ವಾಡಿ ಜಂಕ್ಷನ್ನಿನ ಸುದ್ದಿ ತಂದವರು ನಮ್ಮವರು, ನನ್ನ ಗಂಡ. ಕಚೇರಿಗೆ ಬಂದಿದ್ದ ರೈಲ್ವೆ ಗಾರ್ಡ್ ಒಬ್ಬರು ಹೇಳಿದರಂತೆ: ಜಂಕ್ಷನ್ನಿಗೆ ವರ್ಗವಾಗಿ ಬಂದ ಸಾಹೇಬರೊಬ್ಬರ ಹೆಂಡತಿ ಮುಂಬೈಯಲ್ಲಿ ಇಂಥದೇ ಒಂದು ವಿದ್ಯೆ ಕಲಿತಿದ್ದಾರೆ, ಕೈಕಾಲು ಸೆಟೆದ ಮಕ್ಕಳನ್ನು ತಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು ಏನೇನೋ ಕೆಲಸ ಮಾಡಿಸುತ್ತಾರೆ, ಮಕ್ಕಳು ಸುಧಾರಿಸುತ್ತಾರೆ.

"ಔಷಧ ಏನ್ ಕೊಡ್ತಾರಂತ?" ಎಂದೆ.

"ಔಷಧ ಇಲ್ಲಂತ."

"ಮತ್ತ ಸೂಜಿ?"

"ಅದೂ ಇಲ್ಲಂತ."

ಔಷಧವೂ ಸೂಜಿಯೂ ಇಲ್ಲದ ವೈದ್ಯವೆಂದರೆ ಮಂತ್ರವೇ ಇರಬೇಕೆಂದು ಲೆಕ್ಕ ಹಾಕಿ, ನಾಲ್ಕು ನಿಂಬೆಹಣ್ಣು, ಒಂದು ತೆಂಗಿನಕಾಯಿ ಸೆರಗಿಗೆ ಕಟ್ಟಿಕೊಂಡು ಮಗಳೊಂದಿಗೆ ರೈಲು ಹತ್ತಿದೆ.

ಎಲ್ಲರೂ 'ಬಾಯಿ' ಎಂದು ಕರೆಯುತ್ತಿದ್ದ ಆ ಹೆಂಗಸು ಸೊಲ್ಲಾಪುರದ ಕಡೆಯವರು. ಮನೆಮಾತು ಮರಾಠಿ, ಆದರೆ ಕನ್ನಡ ನಮ್ಮಂತೆಯೇ ಆಡುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ನನ್ನ ನಿಂಬೆಹಣ್ಣು ನೋಡಿ ನಕ್ಕು, ಅದರಲ್ಲಿ ಒಂದನ್ನು ಕೊಯ್ದು ಮಗಳ ಕೈಗೇ ಕೊಟ್ಟು, "ಹಿಂಡವ್ವ, ಎಲ್ಲಾರೂ ಶರಬತ್ ಕುಡಿಯೋಣು," ಎಂದರು. ಆಮೇಲೆ ಒಂದು ಬುಟ್ಟಿ ಶೇಂಗಾಕಾಯಿ ಮುಂದಿಟ್ಟು ಸುಲಿ ಎಂದರು. ಮಗಳು ಕಾಯನ್ನು ಬಲಗೈಯಿಂದ ಹಲ್ಲಿಗೆ ಕೊಟ್ಟು ಒಡೆಯುತ್ತ ಕೂತಳು. ಬಾಯಿಯವರು ಮಾತಾಡಲಿಲ್ಲ, ಮುಟ್ಟಲಿಲ್ಲ, ಒಂದು ತಾಸು ಸುಮ್ಮನೆ ನೋಡಿದರು. ನನಗೋ ಒಳಗೊಳಗೇ ಕುದಿ. ಶೇಂಗಾ ಸುಲಿಸಲು ಈ ಕೂಸನ್ನು ರೈಲಿನಲ್ಲಿ ಕರೆತಂದೆನೆ?

ಕೊನೆಗೆ ಅವರು ನನ್ನ ಕಡೆ ತಿರುಗಿದರು.

"ಈ ಉದ್ದ ತೋಳು ಯಾರ ಸಲುವಾಗಿ ಹೊಲಸೀರಿ ತಂಗಿ? ಕೂಸಿನ ಸಲುವಾಗೋ, ಓಣಿಯವರ ಸಲುವಾಗೋ?"

ಮೈಗೆ ಬೆಂಕಿ ಬಿದ್ದಂತಾಯಿತು. ಉತ್ತರ ಗೊತ್ತಿದ್ದುದರಿಂದಲೇ ಅಷ್ಟು ಸಿಟ್ಟು ಬಂದದ್ದು. ನಾನು ಬಾಯಿ ತೆರೆಯುವ ಮೊದಲೇ ಅವರು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು:

"ನಿನಗ ಏನ್ ಮಾಡಬೇಕಂತ ಭಾಳ ಆಸಿ ಅದವ್ವ?"

ಆರು ವರ್ಷದಲ್ಲಿ ಈ ಪ್ರಶ್ನೆಯನ್ನು ನಾವು ಯಾರೂ ಅವಳಿಗೆ ಕೇಳಿರಲಿಲ್ಲ. ಮಗಳು ನನ್ನ ಮುಖ ನೋಡಿದಳು. ಲಿಂಗಪೂಜೆ ಎನ್ನಲಿ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಅದನ್ನು ನೋಡಿಯೂ ನೋಡದಂತೆ, "ರೊಟ್ಟಿ ಬಡೀಬೇಕು," ಎಂದಳು. "ಆಯಿ ಬಡಿದಂಗ. ಸಪ್ಪಳ ಬರಬೇಕು." ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು.

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಾನು ದೇವರಿಗಾಗಿ ಬಂದರೆ ಇವಳು ರೊಟ್ಟಿ ಕೇಳುತ್ತಾಳೆ. ಅಯ್ಯನವರ ಮಾತು, ದೀಕ್ಷೆ, ಎರಡು ವರ್ಷದ ಗಡುವು ಎಲ್ಲವನ್ನೂ ಒಂದೇ ಉಸಿರಿಗೆ ಬಾಯಿಯವರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಲಿಂಗ ನಿಮ್ಮ ಆಸಿ ತಂಗಿ, ರೊಟ್ಟಿ ಆಕಿ ಆಸಿ," ಎಂದರು. "ಆಕಿ ಆಸಿಯಿಂದ ಸುರು ಮಾಡಿದರ ಕೈ ಬರತದ. ರೊಟ್ಟಿ ಬಡಿಯೋ ಅಂಗೈ ಲಿಂಗ ಹಿಡೀಲಿಕ್ಕೂ ಬರತದ."

ಅದಕ್ಕೆ ಈಗ ಆಕ್ಯುಪೇಷನಲ್ ಥೆರಪಿ ಎನ್ನುತ್ತಾರೆ, ಊರೂರಿಗೆ ಮಕ್ಕಳ ಕೇಂದ್ರಗಳಿವೆ. ನಮ್ಮ ಅತ್ತೆ ಆಗ ಇಟ್ಟ ಹೆಸರು 'ಕೆಲಸದ ಔಷಧ'. ಈಗಲೂ ಎಳೆಯ ತಾಯಂದಿರು ನನ್ನನ್ನು ಹುಡುಕಿಕೊಂಡು ಬಂದು, ಅಜ್ಜಿ, ಎಷ್ಟು ದಿನಕ್ಕೆ ಸರಿಹೋಗುತ್ತದೆ, ಏನಾಗುತ್ತದೆ ಎಂದು ಕೇಳುತ್ತಾರೆ. ವಾಡಿಯ ಬಾಯಿಯವರು ಆ ದಿನ ಹೇಳಿದ್ದನ್ನೇ ನಾನೂ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಒಂದು ಮಾತೂ ಸುಳ್ಳಾಗಲಿಲ್ಲ. ಕೈ ಪೂರ್ತಿ ಮೊದಲಿನಂತೆ ಆಗುವುದಿಲ್ಲ ಎಂದರು, ನನ್ನ ಕಣ್ಣಲ್ಲಿ ಕಣ್ಣಿಟ್ಟು. ಕೆಲಸಕ್ಕೆ ಬರುವ ಕೈ ಆಗುತ್ತದೆ ಎಂದರು. ಎಷ್ಟೋ ತಿಂಗಳು ಏನೂ ಕಾಣದು, ಒಂದು ದಿನ ಕಂಡದ್ದು ಮರುದಿನ ಇರದು, ಅದಕ್ಕೆ ಗಾಬರಿಯಾಗಬೇಡಿ ಎಂದರು. ಜ್ವರ ಬಂದರೆ, ಹೆದರಿದರೆ, ಅವಸರ ಮಾಡಿದರೆ ಮುಷ್ಟಿ ಮತ್ತೆ ಬಿಗಿಯುತ್ತದೆ. ಅದು ಹುಡುಗಿಯ ಹಠವಲ್ಲ, ಬಯ್ಯಬೇಡಿ ಎಂದರು.

"ಬೆರಳು ಹಿಡದು ಜಗ್ಗಬ್ಯಾಡ್ರಿ. ಜಗ್ಗಿದಷ್ಟು ಬಿಗೀತದ. ಮೊದಲ ಮಣಿಕಟ್ಟು ಒಳಗ ಬಾಗಸ್ರಿ, ಬೆರಳು ತಾವೇ ಸಡಲ ಆಗತಾವ. ಆಮ್ಯಾಲ ಹೆಬ್ಬೆರಳಿನ ಬುಡ ಹಿಡದು ಮೆಲ್ಲಕ ಹೊರಗ ತರ್ರಿ. ಅಂಗೈನ ನೆಲಕ್ಕ ಊರಿ ಮೈಭಾರ ಹಾಕಿ ಕುಂದ್ರಲಿ."

"ಅಷ್ಟೇನ್ರಿ?"

"ಇನ್ನೊಂದು ಅದ, ಅದು ಭಾಳ ಕಷ್ಟದ್ದು. ಆಕಿ ಮಾಡೋ ತನಕ ನೀವು ಸುಮ್ನ ಕುಂದ್ರೋದು ಕಲೀಬೇಕು."

ಕೇಳಿದಾಗ ನಗು ಬಂತು. ಕುಂದ್ರುವುದೂ ಒಂದು ಕಷ್ಟವೇ? ಮನೆಗೆ ಬಂದು ಮೊದಲ ಊಟಕ್ಕೇ ಗೊತ್ತಾಯಿತು.

ಮೊದಲು ಪೋಲಕಗಳ ಉದ್ದ ತೋಳುಗಳನ್ನು ಕತ್ತರಿಸಿದೆ. ತಟ್ಟೆಯ ಅಂಚನ್ನು ಎಡ ಮುಷ್ಟಿಯಿಂದ ಒತ್ತಿ ಹಿಡಿಯಬೇಕು, ಬಲಗೈಯಿಂದ ತಾನೇ ಉಣ್ಣಬೇಕು. ತಟ್ಟೆ ಜಾರುತ್ತಿತ್ತು, ಸಾರು ಪರಕರದ ಮೇಲೆ, ಪಲ್ಲೆ ನೆಲದ ಮೇಲೆ. ಒಂದು ರೊಟ್ಟಿ ಉಣ್ಣಲು ಒಂದು ತಾಸು. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಸೆರಗಿನ ತುದಿ ಹಿಡಿದು ಹಿಂಡುತ್ತ ಕೂರುತ್ತಿದ್ದೆ. ಲಾಡಿ ಕಟ್ಟಲು ಅವಳು ಒದ್ದಾಡುತ್ತಿದ್ದರೆ ನಾನು ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಓಣಿಯ ಹೆಂಗಸರು, "ಎಂಥಾ ತಾಯಿ ಅದಾಳವ್ವ, ಕೈ ಇಲ್ಲದ ಕೂಸಿಗಿ ಒಂದು ತುತ್ತು ಉಣಸಂಗಿಲ್ಲ," ಎಂದು ನನಗೆ ಕೇಳುವಂತೆಯೇ ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ?

ಹೊರಗಿನವರದ್ದು ಬಿಡಿ, ಅತ್ತೆಯದೇ ದೊಡ್ಡ ತೊಡಕು. ನಾನು ಬಾವಿಗೆ ಹೋದರೆ ಸಾಕು, ಮೊಮ್ಮಗಳನ್ನು ಪಡಸಾಲೆಗೆ ಕರೆದು, ಹಾಲಿನಲ್ಲಿ ರೊಟ್ಟಿ ಕಿವುಚಿ ತುತ್ತು ಮಾಡಿ ತಿನ್ನಿಸಿಬಿಡುತ್ತಿದ್ದರು. ಹುಡುಗಿ ಊಟಕ್ಕೆ ಕೂತು, "ಹಸಿವಿಲ್ಲ," ಎನ್ನುತ್ತಿದ್ದಳು. ಒಂದು ದಿನ ಕೊಡ ಅರ್ಧಕ್ಕೇ ಬಿಟ್ಟು ತಿರುಗಿ ಬಂದು ಇಬ್ಬರನ್ನೂ ಕಳ್ಳರನ್ನು ಹಿಡಿದಂತೆ ಹಿಡಿದೆ.

"ಅತ್ತಿ, ನೀವು ಹಿಂಗ ಮಾಡಿದರ ಆಕಿ ಕೈ ಹ್ಯಾಂಗ ಬರಬೇಕು?"

"ಬರದಿದ್ರ ಬಿಡಲಿ! ಉಪಾಸ ಕೆಡವಿ ಕೈ ತರಸ್ತೀ ಏನ? ನಿನ್ನ ವಾಡಿ ಬಾಯಿಗಿ ಮಕ್ಕಳ ಮ್ಯಾಲ ಕರುಳಿಲ್ಲ."

"ಕರುಳು ಅದ ಅಂತೇ ಆಕಿಗಿ ರೊಟ್ಟಿ ಬಡಿಯೋದು ಕಲಸ್ತೀನಿ ಅಂದಾರ."

ಅತ್ತೆಯ ಕೈ ಬಟ್ಟಲಿನಲ್ಲೇ ನಿಂತಿತು. ಅವರ ರೊಟ್ಟಿ ಎಂದರೆ ಬೀಗರ ನಡುವೆ ಮಾತಾಗುವಂಥದು. ಕಾಗದದಷ್ಟು ತೆಳು, ಚಂದ್ರನಷ್ಟು ದುಂಡು. ಎಷ್ಟೋ ಮದುವೆಗಳಿಗೆ ರೊಟ್ಟಿ ಬಡಿಯಲೆಂದೇ ಅವರನ್ನು ಕರೆಸುತ್ತಿದ್ದರು.

"ರೊಟ್ಟಿ? ಸೊಲ್ಲಾಪುರದಾಕಿ ನನ್ನ ಮೊಮ್ಮಗಳಿಗಿ ರೊಟ್ಟಿ ಕಲಸ್ತಾಳಾ?" ಎಂದು ಬಟ್ಟಲು ಸರಿಸಿ ಎದ್ದರು. "ನಾ ಸತ್ತೀನೇನು? ಬಾ ಯವ್ವ, ಒಲಿ ಮುಂದ ಕುಂದರು ಬಾ."

ನಾನು ಗೆದ್ದೆ. ಬೇಕೆಂದೇ ಚುಚ್ಚಿದೆನೆಂದು ಅತ್ತೆಗೆ ಆಮೇಲೆಯೂ ಹೇಳಲಿಲ್ಲ. ಅವರಿಗೆ ಗೊತ್ತಾಗಿರಲೇಬೇಕು, ಅವರೇನು ಕಡಿಮೆಯವರಲ್ಲ.

ಅಂದಿನಿಂದ ಕಲಿಸುವುದು ಅತ್ತೆಯ ಪಾಲಿಗೆ, ಸುಮ್ಮನೆ ಕೂರುವುದು ನನ್ನ ಪಾಲಿಗೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದು ಕಲಸಿ, ಮುಟ್ಟುವಷ್ಟು ಆರಿದ ಮೇಲೆ ಒಂದು ಮುದ್ದೆಯನ್ನು ಮಗಳ ಮುಂದಿಡುತ್ತಿದ್ದರು. ಮೊದಲು ಬರಿಯ ಮುಷ್ಟಿಯಿಂದಲೇ ಅದನ್ನು ಒತ್ತಬೇಕು. ಬಿಸಿ ಹಿಟ್ಟಿನೊಳಗೆ ಮುಷ್ಟಿ ತುಸು ಸಡಿಲವಾಗುವುದನ್ನು ಮೊದಲು ಗುರುತಿಸಿದವರು ಅತ್ತೆಯೇ. ಅಡುಗೆಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿತ್ತು. ನಾದಿದ ಮೇಲೆ ಆ ಕಲ್ಲಿನ ಮೇಲೆ ಅಂಗೈ ಊರಿಸಿ, ಮೈಭಾರ ಹಾಕಿಸಿ, ತಮ್ಮ ತವರು ಭಂಕೂರಿನ ಕಥೆ ಹೇಳುತ್ತಿದ್ದರು. ಕಥೆ ಮುಗಿಯುವವರೆಗೂ ಕೈ ಎತ್ತುವಂತಿಲ್ಲ. ಅತ್ತೆಯ ಕಥೆಗಳು ಬೇಗ ಮುಗಿಯುವಂಥವಲ್ಲ.

ಹದಿನೈದು ದಿನಕ್ಕೊಮ್ಮೆ ವಾಡಿಗೆ ಹೋಗುತ್ತಿದ್ದೆವು. ಬಾಯಿಯವರು ಪ್ರತಿಸಲವೂ ಹೊಸದೊಂದು ಕೆಲಸ ಕೊಡುತ್ತಿದ್ದರು: ಡಬ್ಬಿಯನ್ನು ಎಡಗೈಯಿಂದ ಎದೆಗೊತ್ತಿ ಬಲಗೈಯಿಂದ ಮುಚ್ಚಳ ತೆಗೆಯುವುದು, ತೊಗರಿಕಾಯಿ ಸುಲಿಯುವುದು, ಒದ್ದೆ ಬಟ್ಟೆ ಹಿಂಡುವುದು. ಎಲ್ಲವೂ ನಾನು ಮನೆಯಲ್ಲಿ ದಿನಾ ಮಾಡುವ ಕೆಲಸಗಳೇ. ವಿದ್ಯೆ ಇದ್ದದ್ದು ಕೆಲಸದಲ್ಲಲ್ಲ. ಯಾವ ದಿನ ಯಾವುದನ್ನು ಕೊಡಬೇಕು, ಎಷ್ಟರಲ್ಲಿ ನಿಲ್ಲಿಸಬೇಕು ಎನ್ನುವುದರಲ್ಲಿ. ಮಗಳಿಗೆ ಬೇಸರ ಬರುವ ಒಂದು ಕ್ಷಣ ಮೊದಲೇ ಅವರು ನಿಲ್ಲಿಸಿಬಿಡುತ್ತಿದ್ದರು. ಅದನ್ನು ನಾನು ಎಷ್ಟು ವರ್ಷವಾದರೂ ಪೂರ್ತಿ ಕಲಿಯಲಿಲ್ಲ.

ಎಂಟು ತಿಂಗಳಿಗೆ ಹೆಬ್ಬೆರಳು ಮುಷ್ಟಿಯಿಂದ ಹೊರಗೆ ಬಂತು. ಆ ಬೆಳಿಗ್ಗೆ ಅವಳು ನಿದ್ದೆಯಿಂದ ಎದ್ದಾಗಲೇ ಹೆಬ್ಬೆರಳು ಹೊರಗಿತ್ತು. ನಾನು ಓಣಿಯಲ್ಲೆಲ್ಲ ಬೆಲ್ಲ ಹಂಚಿದೆ. ಹೆಬ್ಬೆರಳು ಕಂಡದ್ದಕ್ಕೆ ಬೆಲ್ಲ ಹಂಚಿದ ಹುಚ್ಚಿ ಎಂದು ಹೆಸರಾಯಿತು, ಆಗಲಿ.

ಮಳೆಗಾಲದಲ್ಲಿ ಮತ್ತೆ ಜ್ವರ. ನಾಲ್ಕು ದಿನದ ಜ್ವರ ಬಿಟ್ಟಾಗ ಹೆಬ್ಬೆರಳು ಒಳಗೆ, ಮುಷ್ಟಿ ಕಲ್ಲು. ಬಾಯಿಯವರು ಮೊದಲೇ ಹೇಳಿದ್ದರು, ಆದರೆ ಹೇಳಿದ್ದು ಕೇಳುವುದೇ ಬೇರೆ, ಕಣ್ಣಾರೆ ಕಾಣುವುದೇ ಬೇರೆ. ಒಂದು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಆ ಸಿಟ್ಟಿನಲ್ಲಿ ಮಗಳ ಕೈ ಹಿಡಿದು ಹಿಂದಿನಂತೆ ಬೆರಳುಗಳನ್ನು ಜಗ್ಗಿದೆ. ಅವಳು ಚೀರಲಿಲ್ಲ. "ಯವ್ವ, ಹಂಗ ಮಾಡಬ್ಯಾಡಂತ ಬಾಯಿ ಹೇಳ್ಯಾರ," ಎಂದಳು, ಅಷ್ಟೇ. ನಾನು ಕೈ ಬಿಟ್ಟು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ನನ್ನ ಜೀವನದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಅದರಷ್ಟು ಚುಚ್ಚುವುದು ಇನ್ನೊಂದಿಲ್ಲ.

ವಾಡಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಬಾಯಿಯವರು ಬಯ್ಯಲಿಲ್ಲ.

"ನೀವು ಸಿಟ್ಟಾದ್ರಿ, ಆಕಿ ಬುದ್ಧಿ ಹೇಳಿದಳು. ಕೈ ಹಿಂದ ಬಂದದ, ಹುಡುಗಿ ಮುಂದ ಹೋಗ್ಯಾಳ. ಮತ್ತ ಸುರು ಮಾಡ್ರಿ," ಎಂದರು. ಮತ್ತೆ ಶುರು ಮಾಡಿದೆವು. ಈ ಸಲ ಎಂಟು ತಿಂಗಳು ಬೇಕಾಗಲಿಲ್ಲ, ಎರಡೇ ತಿಂಗಳಿಗೆ ಹೆಬ್ಬೆರಳು ಹೊರಬಂತು.

ಅವಳು ಮೊದಲ ರೊಟ್ಟಿ ಬಡಿದದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ಬಲಗೈ ಬಡಿಯಬೇಕು, ಎಡಗೈ ಬೆರಳು ಬಿಡಿಸಿ ಅಂಚನ್ನು ತಿರುಗಿಸುತ್ತ ಹೋಗಬೇಕು. ಸಪ್ಪಳ ಬಂತು. ಅತ್ತೆಯ ಹಾಗೆ ಒಂದೇ ತಾಳದಲ್ಲಲ್ಲ, ತಡವರಿಸುತ್ತ ಬಂತು, ಆದರೂ ಬಂತು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಹೆಂಚಿನಿಂದ ಇಳಿದ ರೊಟ್ಟಿಗೆ ಮೂರು ಮೂಲೆ, ಎರಡು ಸೀಳು. ಆಗ ಹೈದರಾಬಾದ್ ರಾಜ್ಯವನ್ನು ಭಾಷೆಯ ಪ್ರಕಾರ ಒಡೆದು ಮೂರು ಕಡೆ ಹಂಚುತ್ತಾರೆಂಬ ಮಾತು ಕಚೇರಿಯಲ್ಲಿ ಜೋರಾಗಿತ್ತು. ನಮ್ಮವರು ರೊಟ್ಟಿಯನ್ನು ಎತ್ತಿ ಹಿಡಿದು ನೋಡಿ ಗಂಭೀರವಾಗಿ ಹೇಳಿದರು:

"ಇದರಾಗ ಎಲ್ಲಾ ಬರೋಬ್ಬರಿ ಒಡದಾರ. ಸೇಡಂ, ಚಿಂಚೋಳಿ ನಮ್ಮ ಕಡೀಗೇ ಬಂದಾವ. ದಿಲ್ಲಿಗಿ ಕಳಸೂಣು."

ಕಳಿಸಲಿಲ್ಲ. ಆ ರೊಟ್ಟಿಯನ್ನು ನಾಲ್ಕೂ ಜನ ಹಂಚಿಕೊಂಡು ಉಂಡೆವು. ಒಂದು ಕಡೆ ಹಸಿ, ಒಂದು ಕಡೆ ಕಪ್ಪು. ಅಂಥ ರುಚಿಯ ರೊಟ್ಟಿಯನ್ನು ನಾನು ಉಂಡಿಲ್ಲ, ಅತ್ತೆಯ ಕೈಯದನ್ನೂ ಸೇರಿಸಿ ಹೇಳುತ್ತಿದ್ದೇನೆ.

ದೀಕ್ಷೆಯ ದಿನ ಗೊತ್ತಾಯಿತು. ಮನೆಯಲ್ಲಿ ಅಷ್ಟರೊಳಗೆ ಮಗಳು ಅಂಗೈ ಬಿಚ್ಚಿ, ಮೊಣಕೈಯನ್ನು ತೊಡೆಗೆ ಊರಿ, ಒಂದು ಚಿಕ್ಕ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆಯ ಪೂಜೆ ಮುಗಿಯುವವರೆಗೂ ಕೂರುತ್ತಿದ್ದಳು. ಆದರೆ ಆಗ ಇರುತ್ತಿದ್ದವರು ಮನೆಯ ಮೂವರೇ ಹೆಂಗಸರು, ಗದ್ದಲವಿಲ್ಲ. ದೀಕ್ಷೆಗೆ ಭಂಕೂರಿನಿಂದ, ಚಿಮ್ಮನಚೋಡದಿಂದ ಬೀಗರೆಲ್ಲ ಬರುವವರು. "ಹೆದರಿದರ ಬಿಗೀತದ" ಎಂದ ಬಾಯಿಯವರ ಮಾತು ನನ್ನ ಎದೆಯಲ್ಲಿ ಕೂತಿತ್ತು.

ಆ ಬೆಳಿಗ್ಗೆ ಪಡಸಾಲೆ ತುಂಬ ಜನ. ಮಗಳು ಹೊಸ ಪರಕರ, ಗಿಡ್ಡ ತೋಳಿನ ಪೋಲಕ ತೊಟ್ಟು, ಹಣೆಗೆ ವಿಭೂತಿ ಧರಿಸಿ ಅಯ್ಯನವರ ಎದುರು ಮಣೆಯ ಮೇಲೆ ಕೂತಳು. ಕಿವಿಯಲ್ಲಿ ಮಂತ್ರ ಹೇಳಿದ್ದಾಯಿತು. ಅಯ್ಯನವರು ಲಿಂಗವನ್ನು ಎತ್ತಿ ಹಿಡಿದು, "ಅಂಗೈ ಚಾಚವ್ವ," ಎಂದರು. ಅದೇ ಕ್ಷಣಕ್ಕೆ ಹಿಂದಿನಿಂದ ಯಾರೋ ಜೋರಾಗಿ ಶಂಖ ಊದಿದರು. ಮಗಳು ಬೆಚ್ಚಿಬಿದ್ದಳು. ಚಾಚಿದ ಕೈ ಎದೆಗೆ ಬಂತು, ಬೆರಳೆಲ್ಲ ಮಡಚಿಕೊಂಡವು.

"ಬಿಚ್ಚವ್ವ!" ಎಂದರು ಯಾರೋ. "ಬಿಚ್ಚು, ಬಿಚ್ಚು, ಲಗೂನ ಬಿಚ್ಚು!" ಎಂದು ನಾಲ್ಕಾರು ದನಿ. ಮುಷ್ಟಿ ಇನ್ನೂ ಬಿಗಿಯಿತು, ಗೆಣ್ಣುಗಳು ಬೆಳ್ಳಗಾದವು. "ಪಾಪ, ಬರಂಗಿಲ್ಲ ಬಿಡ್ರಿ, ತಾಯಿನೇ ಹಿಡೀಲಿ," ಎಂದು ಒಬ್ಬರು. ಭಂಕೂರಿನಿಂದ ಬಂದಿದ್ದ ನಮ್ಮವರ ಸೋದರತ್ತೆ ಮುಂದೆ ಬಾಗಿ ಬೆರಳು ಹಿಡಿದು ಜಗ್ಗಲು ಕೈ ಹಾಕಿದರು.

ಸೆರಗು ತಲೆಯಿಂದ ಜಾರಿದ್ದೂ ಗೊತ್ತಾಗಲಿಲ್ಲ, ಎದ್ದು ನಿಂತು ಕಿರುಚಿದೆ:

"ಯಾರೂ ಮುಟ್ಟಬ್ಯಾಡ್ರಿ! ಎಲ್ಲಾರೂ ಬಾಯಿ ಮುಚ್ಚಿ ಕುಂದ್ರಿ!"

ಎಲ್ಲಾರೂ ಎಂದರೆ ಅದರಲ್ಲಿ ಅಯ್ಯನವರೂ ಬಂದರು, ಮಾವನ ಅಣ್ಣತಮ್ಮಂದಿರೂ ಬಂದರು. ಸೊಸೆಯಾದವಳು ಆ ಮನೆಯಲ್ಲಿ ಅಷ್ಟು ದೊಡ್ಡ ದನಿ ತೆಗೆದದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಪಡಸಾಲೆ ಗಪ್ಪಾಯಿತು. ಅಯ್ಯನವರು ಲಿಂಗವನ್ನು ತಮ್ಮ ಅಂಗೈಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತರು.

ಮಗಳು ಯಾರನ್ನೂ ನೋಡಲಿಲ್ಲ. ಮಣೆಯಿಂದ ತುಸು ಪಕ್ಕಕ್ಕೆ ವಾಲಿ ಬಲಗೈಯಿಂದ ಎಡ ಮಣಿಕಟ್ಟನ್ನು ಒಳಗೆ ಬಾಗಿಸಿದಳು. ಕಾದಳು. ಬೆರಳು ಸಡಿಲವಾದವು. ಹೆಬ್ಬೆರಳಿನ ಬುಡ ಹಿಡಿದು ಮೆಲ್ಲಗೆ ಹೊರಗೆ ತಂದಳು. ಅಂಗೈಯನ್ನು ನೆಲಕ್ಕೆ ಊರಿ ಮೈಭಾರ ಹಾಕಿದಳು. ಅವಳ ಮೇಲ್ದುಟಿಯ ಮೇಲೆ ಬೆವರು ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಒಂದು ಬೆರಳು ಆಸರೆ ಕೊಟ್ಟರೆ ಸಾಕೇನೋ ಎಂದು ಕೈ ಮುಂದೆ ಮಾಡಿದೆ. ಪಕ್ಕದಲ್ಲಿದ್ದ ಅತ್ತೆ ನನ್ನ ಮುಂಗೈಯನ್ನು ಗಪ್ಪನೆ ಹಿಡಿದುಕೊಂಡರು.

"ಕುಂದರು. ಆಕಿ ಮಾಡ್ತಾಳ."

ಬಟ್ಟಲಲ್ಲಿ ರೊಟ್ಟಿ ಕಿವುಚಿ ಕದ್ದು ಉಣಿಸುತ್ತಿದ್ದ ಅತ್ತೆ ಅವರು. ನಾನು ಕೂತೆ.

ಎಷ್ಟು ಹೊತ್ತಾಯಿತೋ. ಮಗಳು ನೇರವಾಗಿ ಕೂತು, ಮೊಣಕೈಯನ್ನು ತೊಡೆಗೆ ಊರಿ, ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿದಳು. ಅಂಗೈ ತೆರೆದಿತ್ತು. ಕಿರುಬೆರಳು ಮಾತ್ರ ಮಡಚಿಯೇ ಇತ್ತು. ಅದು ಇಂದಿಗೂ ಹಾಗೆಯೇ ಇದೆ. "ಅಯ್ಯಾರ, ಇಡ್ರಿ," ಎಂದಳು.

ಅಯ್ಯನವರು ಕಣ್ಣು ತೆರೆದು ಲಿಂಗವನ್ನು ಅವಳ ಎಡ ಅಂಗೈಯಲ್ಲಿ ಇಟ್ಟರು. ಅವಳು ಬಲಗೈಯಿಂದ ನೀರು ಹಾಕಿದಳು, ವಿಭೂತಿ ಹಚ್ಚಿದಳು, ಒಂದೊಂದಾಗಿ ಮೂರು ಪತ್ರೆ ಏರಿಸಿದಳು. ಲಿಂಗ ಅಲುಗಲಿಲ್ಲ. ನನ್ನ ಎದೆಯೊಳಗೆ ಎದ್ದ ಹಿಗ್ಗು ಅಷ್ಟಿಷ್ಟಲ್ಲ. ಆ ಪಡಸಾಲೆಯಲ್ಲಿ ಅಂದು ನನಗಿಂತ ದೊಡ್ಡ ರಾಣಿ ಇರಲಿಲ್ಲ, ಸುಳ್ಳು ವಿನಯ ಯಾಕೆ?

ಕಿರುಬೆರಳಿನ ಸಂದಿಯಿಂದ ನೀರು ಸೋರಿ ಅವಳ ಮಣಿಕಟ್ಟಿನಿಂದ ತೊಟ್ಟಿಕ್ಕುತ್ತಿತ್ತು. ಅತ್ತೆ ನನ್ನ ಮುಂಗೈ ಬಿಟ್ಟು ಮುಂದೆ ಸರಿದರು. ತಮ್ಮ ಎರಡೂ ಕೈಗಳನ್ನು ಒಡ್ಡಿ, ಮೊಮ್ಮಗಳ ಎಡಗೈಯಿಂದ ಬೀಳುತ್ತಿದ್ದ ಆ ನೀರನ್ನು ಹಿಡಿದು ಕುಡಿದರು. ದೊಡ್ಡವರು ಚಿಕ್ಕವರ ಕೈಯ ತೀರ್ಥ ಕುಡಿಯುವುದು ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ನನಗೆ ತಿಳಿಯದು. ಅಯ್ಯನವರನ್ನು ನಾನು ಕೇಳಲೂ ಇಲ್ಲ.